ತಿಳಿದರೂ ತೊಲಗದ ಭ್ರಮೆ

ಭ್ರಮೆಯು ಎರಡು ಬಗೆಯದೆಂದು ವೇದಾಂತಶಾಸ್ತ್ರದಲ್ಲಿ ಹೇಳಿದೆ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚುವುದು ಮೊದಲನೆಯದು. ದೀಪವನ್ನು ತಂದು ನೋಡಿದೊಡನೆ ಆ ಹಾವು ಮಾಯವಾಗುತ್ತದೆ. ಆಮೇಲೆ ಎಷ್ಟು ಸಲ ನೋಡಿದರೂ ಹಗ್ಗವು ಹಗ್ಗವಾಗಿಯೇ ಕಾಣುವುದು. ಎರಡನೆಯದು ಇದಕ್ಕಿಂತ ಹಟಮಾರಿಯಾದುದು. ದಾಸವಾಳದ ಹೂವಿನ ಪಕ್ಕದಲ್ಲಿಟ್ಟ ಸ್ಫಟಿಕವು ಕೆಂಪಾಗಿ ತೋರುತ್ತದೆ. ಸ್ಫಟಿಕಕ್ಕೆ ಬಣ್ಣವಿಲ್ಲವೆಂಬುದನ್ನು ನೋಡುವವನು ಚೆನ್ನಾಗಿ ಬಲ್ಲನು. ಬಲ್ಲನಾದರೂ ಕೆಂಪು ಕಾಣುವುದು ತಪ್ಪದು. ಅರಿವಿನಿಂದ ಅಳಿಯುವುದು ನಿರುಪಾಧಿಕ ಭ್ರಮೆ. ಅರಿವಿದ್ದರೂ ಉಳಿಯುವುದು ಸೋಪಾಧಿಕ ಭ್ರಮೆ. ಈ ಎರಡನೆಯದು ಹೋಗಬೇಕಾದರೆ ತಿಳಿವಳಿಕೆಯೊಂದೇ ಸಾಲದು, ಹೂವನ್ನು ಎತ್ತಿ ದೂರ ಇಡಬೇಕು.

ಕಣ್ಣಿನ ವಿಷಯದಲ್ಲಿ ಹೇಳಿದ ಈ ಮಾತು ಬುದ್ಧಿಯ ವಿಷಯದಲ್ಲಿಯೂ ಸಲ್ಲುವುದೆ? ವಿದ್ಯಾವಂತನ ತೀರ್ಮಾನದಲ್ಲಿ ತಪ್ಪು ಬಂದರೆ ಅದನ್ನು ಹಗ್ಗದ ಹಾವಿನ ಜಾತಿಗೆ ಸೇರಿಸುವುದು ಲೋಕದ ರೂಢಿ. ತಿಳಿಯದೆ ತಪ್ಪಿದನು, ತಿಳಿಸಿದರೆ ತಿದ್ದಿಕೊಳ್ಳುವನು ಎಂದು ಜನರು ಭಾವಿಸುವರು. ಶಾಲೆಗಳೂ ಉಪನ್ಯಾಸಗಳೂ ಗ್ರಂಥಗಳೂ ನಿಂತಿರುವುದು ಈ ನಂಬಿಕೆಯ ಮೇಲೆಯೇ. ಆದರೆ ಬುದ್ಧಿಯ ತಪ್ಪುಗಳಲ್ಲಿ ಅನೇಕವು ಸ್ಫಟಿಕದ ಕೆಂಪಿನ ಜಾತಿಗೆ ಸೇರಿದುವೆಂಬುದನ್ನು ಪ್ರಯೋಗಗಳಿಂದ ತೋರಿಸಿ, ಇಳಿವಯಸ್ಸಿನಲ್ಲಿ ತಮ್ಮನ್ನೇ ಅದಕ್ಕೆ ದೃಷ್ಟಾಂತವಾಗಿ ಲೋಕದ ಮುಂದೆ ನಿಲ್ಲಿಸಿಕೊಂಡ ಮನಶ್ಶಾಸ್ತ್ರಜ್ಞರೊಬ್ಬರು ೨೦೨೪ನೆಯ ಇಸವಿ ಮಾರ್ಚಿ ತಿಂಗಳಲ್ಲಿ, ತೊಂಬತ್ತು ವರ್ಷ ತುಂಬಿ, ತೀರಿಕೊಂಡರು. ಅವರ ಹೆಸರು ಡೇನಿಯಲ್ ಕಾನೆಮನ್.

ಕಾನೆಮನ್ನರು ೧೯೩೪ರಲ್ಲಿ ಟೆಲ್ ಅವೀವ್ ನಗರದಲ್ಲಿ ಜನಿಸಿದರು. ತಾಯಿಯು ಬಂಧುಗಳನ್ನು ಕಾಣಲು ಅಲ್ಲಿಗೆ ಹೋಗಿದ್ದ ಕಾಲವದು, ಮನೆಯಿದ್ದುದು ಪ್ಯಾರಿಸಿನಲ್ಲಿ. ಯೆಹೂದ್ಯರ ಕುಟುಂಬ. ಜರ್ಮನರು ೧೯೪೦ರಲ್ಲಿ ಫ್ರಾನ್ಸನ್ನು ಗೆದ್ದ ಮೇಲೆ ಆ ಮನೆಯವರಿಗೆ ನೆಮ್ಮದಿಯಿಲ್ಲದಂತಾಯಿತು. ತಂದೆಯನ್ನು ಸೆರೆಹಿಡಿದು ಡ್ರಾನ್ಸಿಯ ಶಿಬಿರದಲ್ಲಿ ಆರು ವಾರ ಇಟ್ಟಿದ್ದರು. ಬಿಡುಗಡೆಯಾಗಿ ಬಂದರೂ ಅವರು ೧೯೪೪ರಲ್ಲಿ ಮಧುಮೇಹದಿಂದ ಮೃತರಾದರು. ಯೆಹೂದ್ಯರು ಹಳದಿಯ ನಕ್ಷತ್ರವನ್ನು ಉಡುಪಿನ ಮೇಲೆ ಧರಿಸಬೇಕು, ಸಂಜೆ ಆರು ಗಂಟೆಯ ಮೇಲೆ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು ಎಂಬ ಕಟ್ಟಳೆ ಇದ್ದಾಗ ನಡೆದ ಒಂದು ಸಂಗತಿಯನ್ನು ಕಾನೆಮನ್ನರು ತಮ್ಮ ಆತ್ಮವೃತ್ತಾಂತದಲ್ಲಿ ಹೇಳಿಕೊಂಡಿದ್ದಾರೆ. ಗೆಳೆಯನ ಮನೆಯಲ್ಲಿ ಆಡುತ್ತ ಹೊತ್ತು ಮೀರಿಸಿದ ಬಾಲಕನು, ನಕ್ಷತ್ರವು ಕಾಣದಂತೆ ಉಣ್ಣೆಯ ಅಂಗಿಯನ್ನು ಒಳಮೈ ಹೊರಮೈಯಾಗಿ ತಿರುವಿ ಹಾಕಿಕೊಂಡು ಮನೆಯ ಕಡೆಗೆ ನಡೆದನು. ಎದುರಿಗೆ ಕರಿಯ ಸಮವಸ್ತ್ರದ ಜರ್ಮನ್ ಸಿಪಾಯಿಯೊಬ್ಬನು ಬಂದು, ಬಾಲಕನನ್ನು ಹತ್ತಿರಕ್ಕೆ ಕರೆದು, ಎತ್ತಿ ಅಪ್ಪಿಕೊಂಡನು. ಅಂಗಿಯೊಳಗಿನ ನಕ್ಷತ್ರವು ಎಲ್ಲಿ ಕಂಡೀತೋ ಎಂದು ಬಾಲಕನ ಎದೆ ಹೊಡೆದುಕೊಳ್ಳುತ್ತಿತ್ತು. ಸಿಪಾಯಿಯು ಕಣ್ಣೀರು ತುಂಬಿದ ದನಿಯಲ್ಲಿ ಏನೇನೋ ಮಾತನಾಡಿ, ತನ್ನಲ್ಲಿದ್ದ ಹುಡುಗನೊಬ್ಬನ ಭಾವಚಿತ್ರವನ್ನು ತೋರಿಸಿ, ಸ್ವಲ್ಪ ಹಣವನ್ನು ಕೊಟ್ಟು ಕಳುಹಿಸಿದನು. ಮನುಷ್ಯರ ಸ್ವಭಾವವು ಎಣಿಕೆಗೆ ಸಿಕ್ಕದಷ್ಟು ಜಟಿಲವಾದುದೆಂದು ತಾಯಿ ಹೇಳುತ್ತಿದ್ದ ಮಾತು ಅಂದು ಬಾಲಕನ ಮನಸ್ಸಿನಲ್ಲಿ ಬೇರೂರಿತು.

ಯುದ್ಧವು ಮುಗಿದ ಮೇಲೆ ಕುಟುಂಬವು ಪ್ಯಾಲೆಸ್ಟೈನಿಗೆ ಹೋಯಿತು. ಕಾನೆಮನ್ನರು ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನೂ ಗಣಿತವನ್ನೂ ಓದಿ, ೧೯೫೪ರಲ್ಲಿ ಇಸ್ರೇಲಿನ ಸೈನ್ಯವನ್ನು ಸೇರಿದರು. ಅಧಿಕಾರಿಗಳ ತರಬೇತಿಗೆ ಯಾರು ತಕ್ಕವರೆಂಬುದನ್ನು ಆರಿಸಿಕೊಡುವ ಕೆಲಸವು ಅವರ ಪಾಲಿಗೆ ಬಂದಿತು. ಪರಸ್ಪರ ಪರಿಚಯವಿಲ್ಲದ ಎಂಟು ಮಂದಿಯನ್ನು ಕೂಡಿಸಿ, ಅವರ ಕೈಗೆ ಒಂದು ಉದ್ದನೆಯ ಮರದ ದಿಮ್ಮಿಯನ್ನು ಕೊಟ್ಟು, ಆಳೆತ್ತರದ ಗೋಡೆಯೊಂದನ್ನು ದಾಟಿರೆಂದು ಹೇಳುತ್ತಿದ್ದರು. ದಿಮ್ಮಿಯು ನೆಲವನ್ನಾಗಲಿ ಗೋಡೆಯನ್ನಾಗಲಿ ಮುಟ್ಟಬಾರದು. ಆಳುಗಳೂ ಗೋಡೆಯನ್ನು ಸೋಕಬಾರದು. ಸೋಕಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಯಾರು ಮುಂದಾಳಾಗುವನು, ಯಾರು ಮುನಿಯುವನು, ಯಾರು ಸೋತಾಗ ಕೈಚೆಲ್ಲುವನು ಎಂಬುದೆಲ್ಲವೂ ನೋಡುತ್ತಿದ್ದ ಪರೀಕ್ಷಕರಿಗೆ ಅಂಗೈಯ ನೆಲ್ಲಿಯಂತೆ ಸ್ಪಷ್ಟವಾಗಿ ತೋರುತ್ತಿತ್ತು. ಅವರು ಸಂದೇಹವಿಲ್ಲದೆ ಅಂಕಗಳನ್ನು ಕೊಡುತ್ತಿದ್ದರು.

ಕೆಲವು ತಿಂಗಳಿಗೊಮ್ಮೆ ತರಬೇತಿಯ ಶಾಲೆಯಿಂದ ವರದಿ ಬರುತ್ತಿತ್ತು. ಪ್ರತಿಸಲವೂ ಕಥೆಯೊಂದೇ: ಪರೀಕ್ಷಕರು ಹೇಳಿದ ಭವಿಷ್ಯವು ಕಣ್ಣುಮುಚ್ಚಿ ಊಹಿಸಿದುದಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಬಹುದು. ಆಶ್ಚರ್ಯವಿರುವುದು ಮುಂದೆ ನಡೆದುದರಲ್ಲಿ. ವರದಿಯನ್ನು ಓದಿದ ಮರುದಿನ ಹೊಸ ಎಂಟು ಮಂದಿ ಬರುತ್ತಿದ್ದರು, ದಿಮ್ಮಿಯನ್ನು ಹೊರುತ್ತಿದ್ದರು, ಪರೀಕ್ಷಕರಿಗೆ ಅವರ ಅಂತರಂಗವು ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು, ಮೊದಲಿನಷ್ಟೇ ಧೈರ್ಯದಿಂದ ಅವರು ಅಂಕಗಳನ್ನು ಕೊಡುತ್ತಿದ್ದರು. ತಮ್ಮ ನಿರ್ಣಯಕ್ಕೆ ಬೆಲೆಯಿಲ್ಲವೆಂಬ ತಿಳಿವಳಿಕೆಯು ಆ ನಿರ್ಣಯದ ಮೇಲಿನ ನಂಬಿಕೆಯನ್ನು ಎಳ್ಳಷ್ಟೂ ಅಲುಗಿಸಲಿಲ್ಲ. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನ ಕಾನೆಮನ್ನರು ಇದನ್ನು ಗುರುತಿಸಿ ಇದಕ್ಕೊಂದು ಹೆಸರನ್ನಿಟ್ಟರು. ಅದನ್ನು ಕನ್ನಡದಲ್ಲಿ ಪ್ರಾಮಾಣ್ಯಭ್ರಮೆ ಎನ್ನಬಹುದು. ಅವರ ಮುಂದಿನ ಅರುವತ್ತು ಎಪ್ಪತ್ತು ವರ್ಷಗಳ ವಿಚಾರವೆಲ್ಲವೂ ಈ ಬೀಜದಿಂದ ಮೊಳೆತುದೆಂದರೆ ತಪ್ಪಾಗಲಾರದು.

ಬುದ್ಧಿಯು ಹೀಗೇಕೆ ಮಾಡುವುದು? ಇದಕ್ಕೆ ಉತ್ತರವು ಅವಧಾನದ ವಿಚಾರದಲ್ಲಿದೆ. ಅಷ್ಟಾವಧಾನಿಯು ಎಂಟು ಕಡೆಗೆ ಮನಸ್ಸನ್ನಿರಿಸಿದಾಗ ಸಭೆಯು ಬೆರಗಾಗುವುದು, ಸಾಮಾನ್ಯನಿಗೆ ಎರಡು ಕಡೆಗೆ ಇರಿಸುವುದೂ ಕಷ್ಟವಾದುದರಿಂದಲೇ. ಅವಧಾನವು ಮಿತವಾದ ದ್ರವ್ಯ. ಒಂದು ಕಡೆಗೆ ವೆಚ್ಚಮಾಡಿದರೆ ಇನ್ನೊಂದು ಕಡೆಗೆ ಕೊರತೆ. ಕಾನೆಮನ್ನರು ಅಮೆರಿಕದಲ್ಲಿದ್ದಾಗ ಜ್ಯಾಕ್ಸನ್ ಬೀಟಿ ಎಂಬವರೊಡನೆ ಕೂಡಿ ಈ ವೆಚ್ಚವನ್ನು ಕಣ್ಣಿನ ಪಾಪೆಯಲ್ಲಿ ಅಳೆದು, ೧೯೬೬ರಲ್ಲಿ ಪ್ರಕಟಿಸಿದರು. ಗಡಿಯಾರದ ಟಿಕ್ಕಿನಂತಹ ತಾಳಕ್ಕೆ ಸರಿಯಾಗಿ ನಾಲ್ಕು ಅಂಕಗಳನ್ನು ಹೇಳುವುದು. ಕೇಳಿದವನು ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿ ಅದೇ ತಾಳದಲ್ಲಿ ಹೇಳುವುದು. ೩೭೧೪ ಎಂದರೆ ೪೮೨೫ ಎನ್ನಬೇಕು. ಒಂದರ ಬದಲು ಮೂರನ್ನು ಕೂಡಿಸಹೇಳಿದರೆ ಕೆಲಸವು ಇನ್ನೂ ಕಠಿನ. ಅಂಕಗಳು ಒಂದೊಂದಾಗಿ ಬಂದಂತೆ ಪಾಪೆಯು ಹಿಗ್ಗುತ್ತ ಹೋಗುವುದು. ಉತ್ತರವು ಹೊರಬಿದ್ದಂತೆ ಕುಗ್ಗುವುದು. ಭಾರವು ಮಿತಿಮೀರಿ ಮನಸ್ಸು ಕೈಬಿಟ್ಟರೆ ಪಾಪೆಯೂ ಆ ಕ್ಷಣದಲ್ಲಿಯೇ ಹಿಗ್ಗುವುದನ್ನು ನಿಲ್ಲಿಸುವುದು. ಈಗತಾನೆ ಪ್ರಯತ್ನವನ್ನೇಕೆ ಬಿಟ್ಟಿರಿ ಎಂದು ಪ್ರಯೋಗಕಾರರು ಕೇಳಿದಾಗ, ಒಳಗಿನ ಸಂಗತಿಯು ಇವರಿಗೆ ಹೇಗೆ ತಿಳಿಯಿತೆಂದು ಕುಳಿತವನು ಬೆರಗಾಗುತ್ತಿದ್ದನು. ಪ್ರಯೋಗದ ನಡುವೆ ಬಿಡುವು ಕೊಟ್ಟು ಸುಮ್ಮನೆ ಮಾತನಾಡಿಸಿದಾಗಲಾದರೋ ಪಾಪೆಯು ಹಿಗ್ಗುತ್ತಲೇ ಇರಲಿಲ್ಲ. ಲೋಕವ್ಯವಹಾರದ ಬಹುಭಾಗವು ಮನಸ್ಸಿಗೆ ಶ್ರಮವಿಲ್ಲದ ಈ ಅಡ್ಡಾಟದ ನಡಗೆಯಲ್ಲಿಯೇ ಸಾಗುವುದೆಂಬುದಕ್ಕೆ ಇದು ಸಾಕ್ಷಿ.

ಬುದ್ಧಿಗೆ ಎರಡು ನಡಗೆಗಳಿವೆಯೆಂದು ಕಾನೆಮನ್ನರು ೨೦೧೧ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಇದನ್ನೇ ವಿಸ್ತರಿಸಿದರು. ಒಂದು, ಕರೆಯದೆ ಬರುವ ಶೀಘ್ರಸ್ಫೂರ್ತಿ. ಇನ್ನೊಂದು, ಕರೆದರೂ ತಡವಾಗಿ ಬರುವ ವಿವೇಚನೆ. ಷೇನ್ ಫ್ರೆಡರಿಕ್ ಎಂಬ ಸಹೋದ್ಯೋಗಿಯು ಕಲ್ಪಿಸಿದ ಸಣ್ಣ ಲೆಕ್ಕವೊಂದನ್ನು ಅವರು ಉದಾಹರಿಸುವರು. ಬ್ಯಾಟು ಮತ್ತು ಚೆಂಡಿಗೆ ಕೂಡಿ ಒಂದು ಡಾಲರು ಹತ್ತು ಸೆಂಟು. ಚೆಂಡಿಗಿಂತ ಬ್ಯಾಟಿಗೆ ಒಂದು ಡಾಲರು ಹೆಚ್ಚು. ಚೆಂಡಿನ ಬೆಲೆಯೇನು? ಹತ್ತು ಸೆಂಟು ಎಂಬ ಉತ್ತರವು ನಾಲಗೆಯ ತುದಿಗೆ ತಾನಾಗಿ ಬಂದು ನಿಲ್ಲುವುದು. ಅದು ತಪ್ಪು, ಚೆಂಡಿಗೆ ಐದು ಸೆಂಟು, ಬ್ಯಾಟಿಗೆ ಒಂದು ಡಾಲರು ಐದು ಸೆಂಟು. ಇದನ್ನು ತಾಳೆನೋಡುವುದಕ್ಕೆ ಪ್ರಾಥಮಿಕ ಶಾಲೆಯ ಗಣಿತವು ಸಾಕು. ಆದರೂ ಹಾರ್ವರ್ಡ್, ಪ್ರಿನ್ಸ್‌ಟನ್ ಮೊದಲಾದ ವಿದ್ಯಾಪೀಠಗಳ ವಿದ್ಯಾರ್ಥಿಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವರು ಹತ್ತೆಂದೇ ಉತ್ತರಿಸಿದರು. ಅವರಿಗೆ ಗಣಿತವು ಬಾರದೆಂದಲ್ಲ. ಬಂದ ಉತ್ತರವು ಸೊಗಸಾಗಿದ್ದುದರಿಂದ ವಿವೇಚನೆಯನ್ನು ನಿದ್ದೆಯಿಂದ ಎಬ್ಬಿಸುವ ಗೋಜಿಗೆ ಹೋಗಲಿಲ್ಲ.

ಕಾನೆಮನ್ನರ ಕೀರ್ತಿಗೆ ಕಾರಣವಾದ ಕೆಲಸವು ಅಮೋಸ್ ಟ್ವರ್ಸ್ಕಿ ಎಂಬ ಕಿರಿಯ ಮಿತ್ರರೊಡನೆ ನಡೆಯಿತು. ಇಬ್ಬರ ಸಹಕಾರವು ೧೯೬೯ರಲ್ಲಿ ಜೆರೂಸಲೇಮಿನಲ್ಲಿ ಮೊದಲಾಯಿತು. ಒಂದೊಂದು ವಾಕ್ಯವನ್ನೂ ಇಬ್ಬರೂ ಕೂಡಿಯೇ ಬರೆಯುತ್ತಿದ್ದುದರಿಂದ ಲೇಖನದ ಮೇಲೆ ಯಾರ ಹೆಸರು ಮೊದಲು ಬರಬೇಕೆಂಬುದನ್ನು ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದರಂತೆ. ೧೯೭೧ರಲ್ಲಿ ಹೊರಬಂದ ಅವರ ಮೊದಲನೆಯ ಲೇಖನವು ಸಣ್ಣ ಸಂಖ್ಯೆಗಳ ಮೇಲಿನ ಅತಿನಂಬಿಕೆಯನ್ನು ಕುರಿತುದು. ದಿನಕ್ಕೆ ನಲವತ್ತೈದು ಹೆರಿಗೆಗಳಾಗುವ ದೊಡ್ಡ ಆಸ್ಪತ್ರೆಯೊಂದು, ಹದಿನೈದು ಹೆರಿಗೆಗಳಾಗುವ ಸಣ್ಣ ಆಸ್ಪತ್ರೆಯೊಂದು. ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಗಂಡುಕೂಸುಗಳು ಹುಟ್ಟಿದ ದಿನಗಳು ಯಾವುದರಲ್ಲಿ ಹೆಚ್ಚಾಗಿರುವುವು? ಎರಡರಲ್ಲಿಯೂ ಸಮವೆಂದು ಬಹುಮಂದಿ ಹೇಳುವರು. ನಿಜವಾಗಿ ಸಣ್ಣದರಲ್ಲಿಯೇ ಹೆಚ್ಚು. ಎಣಿಕೆಯು ಕಡಮೆಯಾದಷ್ಟೂ ಆಕಸ್ಮಿಕದ ಏರುಪೇರು ಹೆಚ್ಚು. ಈ ಉದಾಹರಣೆಯು ಅವರ ಮುಂದಿನ ಬರಹಗಳಲ್ಲಿ ಬಂದುದು. ಮೊದಲನೆಯ ಲೇಖನದಲ್ಲಿಯಾದರೋ ಅವರು ಪ್ರಶ್ನಿಸಿದುದು ದಾರಿಹೋಕರನ್ನಲ್ಲ, ಅಂಕಿಸಂಖ್ಯೆಗಳಲ್ಲಿ ಪಳಗಿದ ವಿದ್ವಾಂಸರನ್ನು. ಸಂಖ್ಯಾಶಾಸ್ತ್ರದ ಪಠ್ಯಗಳನ್ನು ಬರೆದವರೂ ಅವರಲ್ಲಿದ್ದರು. ಶಾಸ್ತ್ರವನ್ನು ಬಲ್ಲ ಆ ಪಂಡಿತರೂ ಶಾಸ್ತ್ರವನ್ನು ಬದಿಗಿಟ್ಟು ಸ್ಫೂರ್ತಿಯನ್ನೇ ನೆಚ್ಚಿ ತಪ್ಪಿದರು.

ಈ ಮೊದಲು, ವಿಮಾನ ನಡೆಸುವುದನ್ನು ಕಲಿಸುವ ಇಸ್ರೇಲಿನ ಸೈನ್ಯದ ಶಿಕ್ಷಕರಿಗೆ ಕಾನೆಮನ್ನರು ಉಪನ್ಯಾಸ ಕೊಡುತ್ತಿದ್ದಾಗ ನಡೆದ ಸಂಗತಿಯೊಂದು ಉಪಾಧ್ಯಾಯರ ಮನೆಗಳಲ್ಲಿ ಮನನ ಮಾಡತಕ್ಕದ್ದಾಗಿದೆ. ದಂಡನೆಗಿಂತ ಮೆಚ್ಚಿಕೆಯಿಂದ ವಿದ್ಯೆಯು ಚೆನ್ನಾಗಿ ಹತ್ತುವುದೆಂದು ಅವರು ಹೇಳಿದರು. ಪಳಗಿದ ಶಿಕ್ಷಕನೊಬ್ಬನು ಎದ್ದು, ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುವನು, ಕೆಡಿಸಿದವನನ್ನು ಗದರಿದರೆ ಮರುಸಲ ಚೆನ್ನಾಗಿ ಮಾಡುವನು, ಇದು ತನ್ನ ಅನುಭವವೆಂದನು. ಅನುಭವವು ಸುಳ್ಳಲ್ಲ; ಅದರಿಂದ ತೆಗೆದ ಸಿದ್ಧಾಂತವು ಸುಳ್ಳು. ಕಾನೆಮನ್ನರು ನೆಲದ ಮೇಲೆ ಸೀಮೆಸುಣ್ಣದಿಂದ ಗುರಿಯೊಂದನ್ನು ಬರೆದು, ಪ್ರತಿಯೊಬ್ಬನೂ ಅದಕ್ಕೆ ಬೆನ್ನುಮಾಡಿ ನಿಂತು ಎರಡು ನಾಣ್ಯಗಳನ್ನು ಒಂದಾದಮೇಲೊಂದು ಎಸೆಯಬೇಕೆಂದರು. ಮೊದಲನೆಯ ಎಸೆತದಲ್ಲಿ ಗುರಿಗೆ ಹತ್ತಿರ ಬಂದವರಲ್ಲಿ ಹೆಚ್ಚಿನವರು ಎರಡನೆಯದರಲ್ಲಿ ಹಿಂದೆ ಬಿದ್ದರು. ದೂರ ಬಿದ್ದವರಲ್ಲಿ ಹೆಚ್ಚಿನವರು ಮುಂದೆ ಬಂದರು. ಹೊಗಳಿದವರೂ ಇಲ್ಲ, ಗದರಿದವರೂ ಇಲ್ಲ. ಅಸಾಧಾರಣವಾದುದು ಸಾಧಾರಣಕ್ಕೆ ಮರಳುವುದು ಆಕಸ್ಮಿಕದ ಧರ್ಮ. ಇದನ್ನರಿಯದ ಗುರುವು ತನ್ನ ಬೈಗುಳವು ಫಲಿಸಿತೆಂದು ಹಿಗ್ಗುವನು, ತನ್ನ ಮೆಚ್ಚಿಕೆಯು ಕೆಡಿಸಿತೆಂದು ಕೊರಗುವನು. ಆಮೇಲೆ ಮೆಚ್ಚುವುದನ್ನೇ ಬಿಟ್ಟು ಬೈಯುವುದನ್ನೇ ಕಲಿಯುವನು. ಎಷ್ಟು ಮಕ್ಕಳ ಬೆನ್ನಿನ ಬಾಸುಂಡೆಗಳಿಗೆ ಈ ತಪ್ಪು ಲೆಕ್ಕವೇ ಕಾರಣವಾಯಿತೋ ಹೇಳುವವರಾರು?

ಸ್ವತಃ ಅಧ್ಯಾಪಕರಾಗಿದ್ದ ಕಾನೆಮನ್ನರು ಉತ್ತರಪತ್ರಿಕೆಗಳನ್ನು ತಿದ್ದುವಾಗ ಕಂಡುಕೊಂಡುದೂ ಹೀಗೆಯೇ ಬೋಧಪ್ರದವಾಗಿದೆ. ಒಬ್ಬ ವಿದ್ಯಾರ್ಥಿಯ ಪುಸ್ತಕವನ್ನು ತೆಗೆದು ಎಲ್ಲ ಉತ್ತರಗಳನ್ನೂ ಒಂದೇ ಸಮನೆ ನೋಡಿ ಮುಗಿಸುವುದು ಅವರ ಪದ್ಧತಿಯಾಗಿತ್ತು. ಅಂಕಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದ್ದುವು. ಈ ಹೊಂದಿಕೆಯೇ ಅವರಿಗೆ ಅನುಮಾನವನ್ನು ಹುಟ್ಟಿಸಿತು. ಮೊದಲನೆಯ ಉತ್ತರವು ಚೆನ್ನಾಗಿದ್ದರೆ ಎರಡನೆಯದರ ಅಸ್ಪಷ್ಟ ವಾಕ್ಯಕ್ಕೆ ಒಳ್ಳೆಯ ಅರ್ಥವನ್ನೇ ಹಚ್ಚುತ್ತಿದ್ದರು. ಮೊದಲನೆಯದು ಕೆಟ್ಟಿದ್ದರೆ ಅದೇ ವಾಕ್ಯವು ಅಜ್ಞಾನವಾಗಿ ಕಾಣುತ್ತಿತ್ತು. ಅಂದಿನಿಂದ ಅವರು ಎಲ್ಲರ ಮೊದಲನೆಯ ಉತ್ತರಗಳನ್ನು ನೋಡಿ, ಅಂಕಗಳನ್ನು ಕಣ್ಣಿಗೆ ಬೀಳದಂತೆ ಪುಸ್ತಕದ ಹಿಂದಿನ ಹಾಳೆಯ ಒಳಗೆ ಬರೆದು, ಆಮೇಲೆ ಎಲ್ಲರ ಎರಡನೆಯ ಉತ್ತರಗಳಿಗೆ ಕೈಹಾಕತೊಡಗಿದರು. ಅಂಕಗಳ ಸೊಗಸಾದ ಹೊಂದಿಕೆ ಮಾಯವಾಯಿತು; ಒಬ್ಬನ ಒಂದು ಉತ್ತರಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಮೆ. ಅವರ ಆತ್ಮವಿಶ್ವಾಸವು ಕುಗ್ಗಿತು, ಮನಸ್ಸಿಗೆ ಕಸಿವಿಸಿಯಾಯಿತು. ಆದರೂ ಹೊಸ ಪದ್ಧತಿಯೇ ನ್ಯಾಯವಾದುದೆಂದು ಅದನ್ನೇ ಹಿಡಿದರು. ಹಿಂದಿನ ನೆಮ್ಮದಿಯು ನಿಜದ ನೆಮ್ಮದಿಯಾಗಿರಲಿಲ್ಲ.

ಇಲ್ಲಿ ಹೂವನ್ನು ಎತ್ತಿ ದೂರ ಇಡುವುದೆಂದರೇನೆಂಬುದು ವಾಚಕರಿಗೆ ಸ್ಪಷ್ಟವಾಗಬಹುದು. ಪಕ್ಷಪಾತವನ್ನು ಮಾಡಲಾರೆನೆಂಬ ಸಂಕಲ್ಪದಿಂದ ಪಕ್ಷಪಾತವು ಹೋಗಲಿಲ್ಲ. ಪುಸ್ತಕಗಳನ್ನು ನೋಡುವ ಕ್ರಮವನ್ನು ಬದಲಾಯಿಸಿದುದರಿಂದ ಹೋಯಿತು. ಸೈನ್ಯದಲ್ಲಿಯೂ ಅವರು ಇದನ್ನೇ ಮಾಡಿದ್ದರು. ಅಭ್ಯರ್ಥಿಯ ಬಗೆಗೆ ಒಟ್ಟಾರೆ ಅಭಿಪ್ರಾಯವನ್ನು ಹೇಳುವುದಕ್ಕೆ ಮೊದಲು ಆರು ಗುಣಗಳನ್ನು ಬೇರೆ ಬೇರೆಯಾಗಿ ವಿಚಾರಿಸಿ, ಒಂದರ ಅಂಕವನ್ನು ಬರೆದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕೆಂದು ವಿಧಿಸಿದರು. ತಮ್ಮನ್ನು ಯಂತ್ರಗಳನ್ನಾಗಿ ಮಾಡಿದರೆಂದು ಸಂದರ್ಶಕರು ಗೊಣಗಿದಾಗ, ಆರೂ ಮುಗಿದ ಮೇಲೆ ಕಣ್ಣುಮುಚ್ಚಿ ನಿಮ್ಮ ಸ್ಫೂರ್ತಿಗೆ ತೋರಿದ ಅಂಕವನ್ನೂ ಕೊಡಿರೆಂದು ಒಪ್ಪಿಕೊಂಡರು. ಹೊಸ ಪದ್ಧತಿಯು ಹಳೆಯದಕ್ಕಿಂತ ಎಷ್ಟೋ ಮೇಲಾಗಿ ಪರಿಣಮಿಸಿತು. ಕಣ್ಣುಮುಚ್ಚಿ ಕೊಟ್ಟ ಅಂಕವೂ ಆರು ಗುಣಗಳ ಮೊತ್ತದಷ್ಟೇ ಸಫಲವಾಯಿತು. ಸ್ಫೂರ್ತಿಯನ್ನು ಹೊರಗೆ ಅಟ್ಟಬೇಕಾಗಿಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾಯಿಸಬೇಕು ಎಂಬುದೇ ಅದರ ತಾತ್ಪರ್ಯ.

ಅವರ ವಿಚಾರಗಳಿಗೆ ಲೋಕಮನ್ನಣೆಯು ತಡವಾಗಿಯಾದರೂ ದೊರೆಯಿತು. ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ಸಂಕಟವು ಮನುಷ್ಯನನ್ನು ಹೆಚ್ಚಾಗಿ ಬಾಧಿಸುವುದೆಂದು ಇಬ್ಬರೂ ೧೯೭೯ರಲ್ಲಿ ಪ್ರತಿಪಾದಿಸಿದುದು ಅರ್ಥಶಾಸ್ತ್ರದ ಬುಡವನ್ನೇ ಅಲುಗಿಸಿತು. ಅರ್ಥಶಾಸ್ತ್ರದ ಪಾಠಕ್ಕೆ ಎಂದೂ ಕುಳಿತಿರದ ಕಾನೆಮನ್ನರಿಗೆ ೨೦೦೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕವು ಬಂದಿತು. ಟ್ವರ್ಸ್ಕಿಯವರು ೧೯೯೬ರಲ್ಲಿಯೇ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದುದರಿಂದ ಅದರಲ್ಲಿ ಪಾಲುಗೊಳ್ಳಲಾಗಲಿಲ್ಲ.

ಹಾಗಾದರೆ ಅನುಭವಸ್ಥರ ಸ್ಫೂರ್ತಿಗೆ ಬೆಲೆಯೇ ಇಲ್ಲವೆ ಎಂಬ ಪೂರ್ವಪಕ್ಷವು ಏಳುವುದು ಸಹಜ. ಬೆಂಕಿಯನ್ನಾರಿಸುವ ದಳದ ನಾಯಕನೊಬ್ಬನು ಮನೆಯೊಂದರೊಳಗೆ ನಿಂತಿದ್ದಾಗ ಕಾರಣವನ್ನರಿಯದೆಯೇ ತನ್ನವರನ್ನೆಲ್ಲ ಹೊರಕ್ಕೆ ಕರೆದನು; ಮರುಕ್ಷಣವೇ ಅವರು ನಿಂತಿದ್ದ ನೆಲವು ಕುಸಿಯಿತು. ಬೆಂಕಿಯು ನೆಲಮಾಳಿಗೆಯಲ್ಲಿತ್ತು. ಇಂತಹ ಸ್ಫೂರ್ತಿಗಳನ್ನು ಕುರಿತು ವಿಚಾರಮಾಡಿದ ಗ್ಯಾರಿ ಕ್ಲೈನ್ ಎಂಬವರು ಕಾನೆಮನ್ನರ ಪ್ರತಿಪಕ್ಷದವರು. ಇಬ್ಬರೂ ವಾಗ್ಯುದ್ಧವನ್ನು ಬಿಟ್ಟು ವರ್ಷಗಟ್ಟಲೆ ಕೂಡಿ ಆಲೋಚಿಸಿ ೨೦೦೯ರಲ್ಲಿ ಒಂದೇ ಲೇಖನವನ್ನು ಬರೆದರು. ಕೆಲಸದ ಲೋಕವು ನಿಯಮಬದ್ಧವಾಗಿರಬೇಕು. ಆ ನಿಯಮಗಳನ್ನು ದೀರ್ಘಾಭ್ಯಾಸದಿಂದ ಕಲಿಯುವ ಅವಕಾಶವಿರಬೇಕು, ಮಾಡಿದ ತಪ್ಪು ಬೇಗನೆ ತಿಳಿದುಬರಬೇಕು. ಇವು ಇದ್ದಲ್ಲಿ ಸ್ಫೂರ್ತಿಯು ನಂಬಿಕೆಗೆ ಅರ್ಹ. ಇಲ್ಲದಲ್ಲಿ, ಅದು ಎಷ್ಟೇ ಗಟ್ಟಿಯಾಗಿ ಮಾತನಾಡಿದರೂ ಅನರ್ಹ. ಚದುರಂಗದ ಆಟಗಾರನ ಸ್ಫೂರ್ತಿಯು ಮೊದಲನೆಯ ಬಗೆಯದು. ದೂರದ ರಾಜಕೀಯವನ್ನು ಮುನ್ನುಡಿಯುವವನ ಸ್ಫೂರ್ತಿಯು ಎರಡನೆಯ ಬಗೆಯದು. ವಾದಿಪ್ರತಿವಾದಿಗಳು ಒಂದೇ ಆಸನದಲ್ಲಿ ಕುಳಿತು ತತ್ತ್ವವನ್ನು ಹುಡುಕಿದ ಈ ರೀತಿಯನ್ನು ನ್ಯಾಯಶಾಸ್ತ್ರದವರು ವಾದವೆಂದು ಕರೆದು, ಗೆಲ್ಲುವ ಹಟದ ಜಲ್ಪಕ್ಕಿಂತ ಮೇಲಿನ ಸ್ಥಾನವನ್ನು ಅದಕ್ಕೆ ಕೊಟ್ಟಿರುವರು.

ಇನ್ನು ಅವರ ಸ್ವಂತ ಸ್ಖಲನಗಳ ಮಾತು. ೧೯೭೦ರ ಸುಮಾರಿನ ದಶಕದಲ್ಲಿ ಪ್ರೌಢಶಾಲೆಗಳಿಗಾಗಿ ನಿರ್ಣಯಶಾಸ್ತ್ರದ ಪಠ್ಯವೊಂದನ್ನು ರಚಿಸಲು ಅವರ ಮುಂದಾಳುತನದಲ್ಲಿ ಒಂದು ಮಂಡಲಿಯು ಸೇರಿತ್ತು. ಸುಮಾರು ಒಂದು ವರ್ಷದ ಕೆಲಸವಾದ ಮೇಲೆ, ಇನ್ನೆಷ್ಟು ಕಾಲ ಬೇಕೆಂಬುದನ್ನು ಪ್ರತಿಯೊಬ್ಬರೂ ಗುಟ್ಟಾಗಿ ಬರೆದುಕೊಟ್ಟರು. ಎಲ್ಲರ ಊಹೆಯೂ ಒಂದೂವರೆಯಿಂದ ಎರಡೂವರೆ ವರ್ಷದೊಳಗಿತ್ತು. ಆಗ ಕಾನೆಮನ್ನರು ಪಠ್ಯರಚನೆಯಲ್ಲಿ ನುರಿತ ಸದಸ್ಯರಾದ ಸೇಮೂರ್ ಫಾಕ್ಸರನ್ನು, ಇಂತಹ ಇತರ ಮಂಡಲಿಗಳ ಗತಿ ಏನಾಯಿತೆಂದು ಕೇಳಿದರು. ಫಾಕ್ಸರ ಮುಖವು ಕೆಂಪಾಯಿತು. ನೂರಕ್ಕೆ ನಲವತ್ತರಷ್ಟು ಮಂಡಲಿಗಳು ಕೆಲಸವನ್ನು ಮುಗಿಸಲೇ ಇಲ್ಲ. ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಹಿಡಿಯಿತು. ಈ ಮಂಡಲಿಯಾದರೋ ಅವರಿಗಿಂತ ಸ್ವಲ್ಪ ಕಡಮೆಯ ಶಕ್ತಿಯದು ಎಂದರು. ಇದೆಲ್ಲವನ್ನೂ ಬಲ್ಲ ಫಾಕ್ಸರೇ ಕೆಲವು ನಿಮಿಷಗಳ ಹಿಂದೆ ಎಲ್ಲರಂತೆ ಎರಡು ವರ್ಷವೆಂದು ಬರೆದಿದ್ದರು! ಅಂದೇ ಕೆಲಸವನ್ನು ಬಿಡಬೇಕಾಗಿತ್ತು. ಯಾರೂ ಬಿಡಲಿಲ್ಲ, ಕೇಳಿದ್ದನ್ನು ಕೇಳದವರಂತೆ ಮುಂದುವರಿಸಿದರು. ಪುಸ್ತಕವು ಮುಗಿಯುವುದಕ್ಕೆ ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ವಿದ್ಯಾಖಾತೆಯ ಉತ್ಸಾಹವು ತಣ್ಣಗಾಗಿ, ಅದನ್ನು ಯಾವ ಶಾಲೆಯೂ ಓದಲಿಲ್ಲ. ನಿರ್ಣಯವನ್ನು ಹೇಗೆ ಮಾಡಬೇಕೆಂದು ಮಕ್ಕಳಿಗೆ ಕಲಿಸಹೊರಟವರ ನಿರ್ಣಯವಿದು.

ಇದಕ್ಕಿಂತಲೂ ದೊಡ್ಡದು ಮುಪ್ಪಿನಲ್ಲಿ ಬಂದಿತು. ಮುದಿತನವನ್ನು ಸೂಚಿಸುವ ಶಬ್ದಗಳನ್ನು ಓದಿದ ತರುಣರು ತಮಗೆ ತಿಳಿಯದೆಯೇ ಮೆಲ್ಲಗೆ ನಡೆದರೆಂಬಂತಹ ಪ್ರಯೋಗಗಳನ್ನು ಅವರು ೨೦೧೧ರ ಗ್ರಂಥದಲ್ಲಿ ಸಂಶಯಕ್ಕೆ ಎಡೆಯಿಲ್ಲದ ಧಾಟಿಯಲ್ಲಿ ವರ್ಣಿಸಿದ್ದರು. ಇತರರು ಅವುಗಳನ್ನು ಮತ್ತೆ ಮಾಡಿ ನೋಡಿದಾಗ ಹಲವು ನಿಲ್ಲಲಿಲ್ಲ. ೨೦೧೨ರಲ್ಲಿ ಕಾನೆಮನ್ನರು ಆ ಕ್ಷೇತ್ರದವರಿಗೆ ಬಹಿರಂಗ ಪತ್ರವನ್ನು ಬರೆದು ಪ್ರಯೋಗಗಳನ್ನು ಪುನಃ ಶೋಧಿಸಿರೆಂದು ಎಚ್ಚರಿಸಿದರು. ೨೦೧೭ರಲ್ಲಿ, ಸಾಲದಷ್ಟು ಸಣ್ಣ ಸಂಖ್ಯೆಯ ಪ್ರಯೋಗಗಳ ಮೇಲೆ ತಾವು ಅತಿಯಾದ ನಂಬಿಕೆಯನ್ನಿಟ್ಟುದು ತಪ್ಪೆಂದು ಎಲ್ಲರಿಗೂ ತಿಳಿಯುವಂತೆ ಒಪ್ಪಿಕೊಂಡರು. ತಮ್ಮ ೧೯೭೧ರ ಲೇಖನವೇ ಈ ದೋಷವನ್ನು ಕುರಿತುದಾಗಿತ್ತೆಂಬುದನ್ನೂ ಮರೆಮಾಡಲಿಲ್ಲ. ರೋಗಕ್ಕೆ ಹೆಸರಿಟ್ಟ ವೈದ್ಯನು ನಲವತ್ತು ವರ್ಷಗಳ ಮೇಲೆ ಅದೇ ರೋಗದಲ್ಲಿ ಬಿದ್ದನು.

ಇದನ್ನು ಕಂಡು ನಗುವವರು ನಗಬಹುದು. ವಿಚಾರಮಾಡುವವರಿಗೆ ಇದೇ ಅವರ ಸಿದ್ಧಾಂತದ ಬಲವಾದ ಸಾಕ್ಷಿ. ಈ ಭ್ರಮೆಯು ಅಜ್ಞಾನದಿಂದ ಹುಟ್ಟಿದುದಾಗಿದ್ದರೆ ಕಾನೆಮನ್ನರಿಗೆ ಬರಲೇಬಾರದಾಗಿತ್ತು. ಜೀವಮಾನವೆಲ್ಲ ಈ ವಿಷಯವನ್ನು ಶೋಧಿಸಿದರೂ ತಮ್ಮ ಸ್ಫೂರ್ತಿಯು ಮೊದಲಿನಂತೆಯೇ ತಪ್ಪುತ್ತಿದೆ, ಎಲ್ಲಿ ತಪ್ಪುವ ಸಂಭವವಿದೆ ಎಂಬುದನ್ನು ಗುರುತಿಸುವುದರಲ್ಲಿ ಮಾತ್ರ ತುಸು ಸುಧಾರಿಸಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ತನ್ನ ತಪ್ಪಿಗಿಂತ ಪರರ ತಪ್ಪು ಬೇಗ ಕಾಣುವುದೆಂಬ ಲೋಕದ ದೌರ್ಬಲ್ಯವನ್ನೇ ಅವರು ಉಪಾಯವಾಗಿ ಹಿಡಿದರು. ಜನರು ಒಬ್ಬರನ್ನೊಬ್ಬರು ಟೀಕಿಸುವುದು ಹೇಗೂ ತಪ್ಪದು. ಆ ಟೀಕೆಗೆ ಸರಿಯಾದ ಶಬ್ದಗಳು ದೊರೆತರೆ ತೀರ್ಮಾನಗಳು ಉತ್ತಮಗೊಳ್ಳುವುವು ಎಂದು ಗ್ರಂಥದ ಉದ್ದೇಶವನ್ನು ಹೇಳಿಕೊಂಡರು.

ಸ್ಫಟಿಕದ ಎದುರಿಗೆ ಕುಳಿತವನಿಗೆ ಕೆಂಪು ಕಾಣುವುದು. ಮಗ್ಗುಲಲ್ಲಿ ನಿಂತವನಿಗೆ ಹೂವು ಕಾಣುವುದು. ವರಾನ್ವೇಷಣೆ, ಮನೆ ಕಟ್ಟಿಸುವುದು, ಮಗನ ವಿದ್ಯೆ, ಹಣದ ವಿನಿಯೋಗ ಮೊದಲಾದ ದೊಡ್ಡ ತೀರ್ಮಾನಗಳಲ್ಲಿ ಯಜಮಾನನ ಅನುಭವವೊಂದನ್ನೇ ನೆಚ್ಚಿ ನಡೆಯುವ ಕುಟುಂಬಗಳು ಇನ್ನೂ ಹಲವಿವೆ. ಅನುಭವಕ್ಕೆ ಅಗೌರವವನ್ನು ತೋರಬೇಕಾಗಿಲ್ಲ. ಇಂತಹ ಕೆಲಸವು ಇತರರಿಗೆ ಎಷ್ಟು ಕಾಲ, ಎಷ್ಟು ಹಣ ಹಿಡಿಯಿತೆಂದು ಮೊದಲು ವಿಚಾರಿಸುವುದು. ಒಂದೊಂದು ಅಂಶವನ್ನೂ ಬೇರೆ ಬೇರೆಯಾಗಿ ತೂಗುವುದು. ಹಿರಿಯರು ಬಾಯಿ ತೆರೆಯುವುದಕ್ಕೆ ಮೊದಲು ಕಿರಿಯರ ಅಭಿಪ್ರಾಯವನ್ನು ಕೇಳುವುದು. ಮನಸ್ಸಿಗೆ ಬಹಳ ಸೊಗಸಾಗಿ ತೋರಿದುದನ್ನು ಒಂದು ರಾತ್ರಿ ಕಾಯಿಸುವುದು. ಇವಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಡ. ಬೇಕಾದುದು, ಮಗ್ಗುಲಲ್ಲಿ ನಿಂತ ಹುಡುಗನು ಹೂವು ಅಲ್ಲಿದೆಯೆಂದು ಬೆರಳು ತೋರಿಸಿದಾಗ ಮುನಿಯದೆ ಆ ಕಡೆಗೆ ತಿರುಗಿ ನೋಡುವ ಸೈರಣೆ ಮಾತ್ರ. ವಿದ್ಯೆಯಿಂದ ಬರುವ ವಿನಯವನ್ನು ಶಾಸ್ತ್ರಕಾರರು ಹೊಗಳಿದುದು ಸಭೆಯಲ್ಲಿ ತಲೆಬಾಗುವ ಮರ್ಯಾದೆಗಾಗಿ ಮಾತ್ರವೇ ಆಗಿರಲಾರದು.